ಡ್ರಮ್ಮಿನೊಳಗಿನ ಧೂಳು: ಕಾರಿನ ಹಿಂದಿನ ಬ್ರೇಕಿನ ಹಿಸ್ಟರಿ

ಭಾಗ 1/10

ಮೊದಲನೇ ಫೋಟೊ ಸ್ವಲ್ಪ ಝೂಮ್ ಮಾಡಿ ನೋಡಿ. ಕಬ್ಬಿಣದ ಬೋಗುಣಿ ಥರ ಕಾಣ್ತಿದೆಯಲ್ಲ, ಅದು ಕಾರಿನ ಹಿಂದಿನ ಚಕ್ರದ ಬ್ರೇಕ್ ಡ್ರಮ್. ಒಳಗೆ ಕಾಡಿಗೆ ಥರ ಕೂತಿರೋದು ಧೂಳು. ಈ ಸಲದ ಸರಣಿ ಪೂರ್ತಿ ಆ ಧೂಳಿನ ಬಗ್ಗೆ.

ನಿಮಗೆ ಗೊತ್ತಿರೋ ಹಾಗೆ, ರಜೆಯಲ್ಲಿ ನಾನು ತುಮಕೂರಿನಲ್ಲಿ ನಮ್ಮ ಸೋದರಮಾವನ ಗ್ಯಾರೇಜಿನ ಲೆಕ್ಕ ಬರೀತೀನಿ. ಬಿಲ್ಲು, ಜಿಎಸ್‌ಟಿ, ಯಾರ ಹತ್ರ ಎಷ್ಟು ಬಾಕಿ, ಅಷ್ಟೇ ನನ್ನ ಕೆಲಸ. ಮೊನ್ನೆ ಒಂದು ಹಳೇ ಹ್ಯಾಚ್‌ಬ್ಯಾಕ್ ಬಂತು, ಹಿಂದಿನ ಬ್ರೇಕು ಕಿರ್ ಅಂತಿತ್ತು. ಕೆಲಸದ ಹುಡುಗ ಡ್ರಮ್ ಬಿಚ್ಚಿದ. ಕಂಪ್ರೆಸರ್ ಪೈಪ್ ತಗೊಂಡು ಫುಸ್ ಅಂತ ಊದಿದ. ಕಪ್ಪು ಮೋಡದ ಥರ ಎದ್ದಿತು. ನನ್ನ ಲೆಡ್ಜರ್ ಪುಟದ ಮೇಲೂ ಕೂತಿತು. ಅವನು ಕಣ್ಣು ಮುಚ್ಚಿದ್ದ. ಮೂಗು ಮುಚ್ಚಿರಲಿಲ್ಲ. ಅವನಿಗೆ ನನಗಿಂತ ಒಂದು ವರ್ಷ ಕಮ್ಮಿ.

"ಮಾವ, ಇದು ಏನು ಧೂಳು?" ಅಂತ ಕೇಳಿದೆ.

"ಲೈನಿಂಗ್ ಸವೆದಿದ್ದು ಕಣಮ್ಮ. ಮೂವತ್ತು ವರ್ಷದಿಂದ ಊದ್ತಾ ಇದೀನಿ" ಅಂದ್ರು.

ಮೂವತ್ತು ವರ್ಷ! ಅಷ್ಟು ವರ್ಷ ಊದಿದ್ದು ಏನನ್ನ ಅಂತ ಹುಡುಕೋಕೆ ಹೊರಟೆ. ಹುಡುಕಾಟ ಜರ್ಮನಿಯ ಒಬ್ಬ ಚಮ್ಮಾರನಿಂದ ಶುರುವಾಗಿ ನಮ್ಮ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಬನ್ನಿ, ಒಂದೊಂದಾಗಿ ಹೇಳ್ತೀನಿ.

ಭಾಗ 2/10

1888ರ ಆಗಸ್ಟ್. ಜರ್ಮನಿಯ ಮ್ಯಾನ್‌ಹೈಮ್ ಊರು. ಕಾರ್ಲ್ ಬೆಂಝ್ ಮೋಟಾರು ಗಾಡಿ ಮಾಡಿದ್ದಾನೆ, ಆದರೆ ಕೊಳ್ಳೋಕೆ ಜನರಿಗೆ ಧೈರ್ಯ ಇಲ್ಲ. ಅವನ ಹೆಂಡತಿ ಬರ್ಥಾ ಬೆಂಝ್ ಒಂದು ಬೆಳಗ್ಗೆ ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನ ಕರಕೊಂಡು ಅದೇ ಗಾಡಿಯಲ್ಲಿ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಷ್ಟು ದೂರ ಅಲ್ಲಿವರೆಗೆ ಯಾರೂ ಮೋಟಾರು ಗಾಡಿ ಓಡಿಸಿರಲಿಲ್ಲ.

ಇಂಧನಕ್ಕೆ ಔಷಧಿ ಅಂಗಡಿಗೆ ಹೋಗಿ ದ್ರಾವಣ ಕೊಂಡ ಕಥೆ ನೀವು ಕೇಳಿರಬಹುದು. ನನಗೆ ಬೇಕಾಗಿರೋದು ಇಳಿಜಾರಿನ ಕಥೆ. ಇಳಿಯುವಾಗ ಬ್ರೇಕಿನ ಮರದ ಗಟ್ಟಿಗಳು ಸವೆದು ಹಿಡಿತ ಹೋಯ್ತು. ದಾರಿಯಲ್ಲಿ ಸಿಕ್ಕ ಊರಿನ ಚಮ್ಮಾರನ ಹತ್ರ ಹೋಗಿ, ಆ ಗಟ್ಟಿಗಳಿಗೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳಂತೆ. ಬ್ರೇಕ್ ಲೈನಿಂಗ್ ಅನ್ನೋದರ ಮೊದಲ ಕಥೆ ಅಂತ ಇದನ್ನೇ ಹೇಳ್ತಾರೆ.

ಇದರಲ್ಲಿ ಒಂದು ಮಾತು ಗಮನಿಸಿ. ಲೈನಿಂಗ್ ಕೆಲಸವೇ ಸವೆಯೋದು. ಚಕ್ರ ಉಳೀಬೇಕು, ಗಾಡಿ ನಿಲ್ಲಬೇಕು ಅಂದ್ರೆ ಮಧ್ಯದಲ್ಲಿ ಇನ್ನೊಂದು ಏನಾದರೂ ಸವೆದು ಪುಡಿಯಾಗಲೇಬೇಕು. ಚರ್ಮದ ಪುಡಿಯಿಂದ ಯಾರಿಗೂ ದೊಡ್ಡ ತೊಂದರೆ ಇರಲಿಲ್ಲ. ಪುಡಿ ಬೇರೆ ಆಗಿದ್ದು ಆಮೇಲೆ.

ಭಾಗ 3/10

ಆ ಕಾಲದ ಬ್ರೇಕು ಚಕ್ರದ ಹೊರಗೇ ಇರ್ತಿತ್ತು. ಗಟ್ಟಿಯೋ ಪಟ್ಟಿಯೋ ಹೊರಗಿನಿಂದ ಒತ್ತಬೇಕು. ಮಳೆ ನೀರು, ಕೆಸರು, ಸಗಣಿ ಎಲ್ಲ ಅದರ ಮೇಲೇ. ಒದ್ದೆಯಾದ್ರೆ ಜಾರೋದು ಗ್ಯಾರಂಟಿ.

1900-01ರ ಹೊತ್ತಿಗೆ ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ ಮರ್ಸಿಡೀಸ್ ಕಾರಿನ ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಬಂತು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಈಗ ನಾವು ನೋಡೋ ರೂಪಕ್ಕೆ ಪೇಟೆಂಟ್ ತಗೊಂಡ. ಚಕ್ರದ ಜೊತೆ ತಿರುಗೋ ಬೋಗುಣಿ, ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಬ್ರೇಕ್ ಹಾಕಿದಾಗ ಶೂಗಳು ಅಗಲವಾಗಿ ಬೋಗುಣಿಯ ಒಳಗೋಡೆಗೆ ಉಜ್ಜುತ್ತವೆ. ಕೆಸರು ಹೊರಗೆ, ಕೆಲಸ ಒಳಗೆ.

ಇದರಲ್ಲಿ ಒಂದು ಚಂದದ ಗುಟ್ಟಿದೆ. ಗಾಳಿಗೆ ಬಾಗಿಲು ಹಾಕಿಕೊಳ್ಳದಿರಲಿ ಅಂತ ಕೆಳಗೆ ಮರದ ಬೆಣೆ ಸಿಕ್ಕಿಸ್ತೀವಲ್ಲ? ಬಾಗಿಲು ತಳ್ಳಿದಷ್ಟೂ ಬೆಣೆ ಇನ್ನೂ ಬಿಗಿಯಾಗುತ್ತೆ. ಡ್ರಮ್ಮಿನಲ್ಲೂ ಹಾಗೇ. ಗಾಡಿ ಮುಂದೆ ಹೋಗ್ತಿರುವಾಗ ಮುಂದಿನ ಶೂವನ್ನ ತಿರುಗೋ ಡ್ರಮ್ಮೇ ಎಳೆದು ತನ್ನ ಗೋಡೆಗೆ ಒತ್ತಿಕೊಳ್ಳುತ್ತೆ. ಅದಕ್ಕೆ ಕಾಲಿನ ಬಲ ಕಡಿಮೆ ಸಾಕು. ಹಿಂದಿನ ಶೂಗೆ ಈ ಸಹಾಯ ಸಿಗೋದಿಲ್ಲ. ಅದಕ್ಕೇ ಮುಂದಿನ ಶೂ ಸಾಮಾನ್ಯವಾಗಿ ಬೇಗ ಸವೆಯುತ್ತೆ. ಗಾಡಿ ರಿವರ್ಸ್ ಹೋಗುವಾಗ ಪಾತ್ರ ಅದಲು ಬದಲು.

ಅದೇ 1902ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡಿದ್ದ. ಆದರೆ ತಾಮ್ರ ಲೋಹಕ್ಕೆ ಉಜ್ಜಿ ಕರ್ಕಶ ಸದ್ದು. ಧೂಳಿನ ರಸ್ತೆಯಲ್ಲಿ ತೆರೆದ ಬ್ರೇಕು ಬೇಗ ಸವೆಯೋದು ಬೇರೆ. ಹಾಗಾಗಿ ಮುಂದಿನ ಐವತ್ತು ವರ್ಷ ಡ್ರಮ್ಮಿನದೇ ರಾಜ್ಯಭಾರ.

ಮುಚ್ಚಿದ ಬೋಗುಣಿ ಹೊರಗಿನ ಧೂಳನ್ನ ಒಳಗೆ ಬಿಡೋದಿಲ್ಲ. ಒಳಗಿನ ಧೂಳನ್ನ ಹೊರಗೂ ಬಿಡೋದಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 4/10

ಈಗ ಸ್ವಲ್ಪ ಲೆಕ್ಕ. (ಬಿಕಾಂನವರು ಓಡಿಹೋಗಬೇಡಿ, ನನಗೇ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.)

1000 ಕಿಲೋ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ಅದನ್ನ ಪೂರ್ತಿ ನಿಲ್ಲಿಸಿದ್ರೆ ಆ ಓಟದ ಶಕ್ತಿಯೆಲ್ಲ ಶಾಖ ಆಗಬೇಕು. ಎಷ್ಟು ಶಾಖ? ಕೊಳಾಯಿಯ ಮುಕ್ಕಾಲು ಲೀಟರ್ ನೀರನ್ನ ಕುದಿಯೋ ಹಂತಕ್ಕೆ ತರುವಷ್ಟು. ಅದೂ ಕೆಲವೇ ಸೆಕೆಂಡಿನಲ್ಲಿ. ಘಾಟಿ ಇಳಿಯುವಾಗ ಇದು ಮತ್ತೆ ಮತ್ತೆ. ಚರ್ಮ, ಹತ್ತಿ, ಮರ ಯಾವುದೂ ಇದಕ್ಕೆ ತಡೆಯೋದಿಲ್ಲ, ಕರಕಲಾಗುತ್ತೆ.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು. ಅಲ್ಲಿ ಹರ್ಬರ್ಟ್ ಫ್ರೂಡ್ ಅನ್ನೋ ವ್ಯಾಪಾರಿ. ರೈತರು ಇಳಿಜಾರಿನಲ್ಲಿ ಗಾಡಿ ತಡೆಯೋಕೆ ಹಳೇ ಬೂಟುಗಳನ್ನ ಬ್ರೇಕಿಗೆ ಕಟ್ಟೋದನ್ನ ನೋಡಿ ಇವನಿಗೆ ಯೋಚನೆ ಹೊಳೆಯಿತಂತೆ. (ಹೌದು, ಬ್ರೇಕಿಗೆ ನಿಜವಾದ ಶೂ!) 1897ರಲ್ಲಿ ಬ್ರೇಕಿಗೆ ಹಾಕೋ ಸಾಮಾನು ತಯಾರಿಸೋ ಕಂಪನಿ ಶುರು ಮಾಡಿದ. ತನ್ನ ಹೆಸರಿನ ಅಕ್ಷರಗಳನ್ನ ಹಿಂದೆ ಮುಂದೆ ಮಾಡಿ, ಹೆಂಡತಿ ಎಲಿಜಬೆತ್ ಹೆಸರಿನ ಮೊದಲ ಅಕ್ಷರ ಸೇರಿಸಿ ಇಟ್ಟ ಹೆಸರು ಫೆರೋಡೊ. ಈ ಹೆಸರು ಇವತ್ತಿಗೂ ಬ್ರೇಕಿನ ಡಬ್ಬಿಗಳ ಮೇಲೆ ಇದೆ.

ಮೊದಲು ಹತ್ತಿಯ ನೇಯ್ಗೆ, ಅಂಟು ಹೀಗೆ ಏನೇನೋ ಬಳಸಿದರು. ಮೋಟಾರು ಗಾಡಿಯ ಶಾಖಕ್ಕೆ ಸಾಲಲಿಲ್ಲ. 1908ರ ಸುಮಾರಿಗೆ ಆಸ್ಬೆಸ್ಟಾಸ್ ಬಂತು.

ಆಸ್ಬೆಸ್ಟಾಸ್ ಕಲ್ಲು, ಆದರೆ ನಾರಿನಂಥ ಕಲ್ಲು. ಬಿಡಿಸಿದರೆ ಹತ್ತಿಯ ಥರ ಎಳೆ ಎಳೆ. ನೂಲಬಹುದು, ನೇಯಬಹುದು, ಬೆಂಕಿ ತಾಗಲ್ಲ, ರೇಟೂ ಕಮ್ಮಿ. ಬ್ರೇಕ್ ಮಾಡೋರಿಗೆ ಇದಕ್ಕಿಂತ ಏನು ಬೇಕು? ಮುಂದಿನ ಹಲವು ದಶಕ ಪ್ರಪಂಚದ ಬಹುಪಾಲು ಕಾರು, ಬಸ್ಸು, ಲಾರಿಗಳ ಬ್ರೇಕಿನೊಳಗೆ ಸವೆದು ಪುಡಿಯಾಗಿದ್ದು ಇದೇ.

ಭಾಗ 5/10

ಈ ಭಾಗ ಬೇಗ ಮುಗಿಸ್ತೀನಿ, ಆದರೆ ಬಿಡೋ ಹಾಗಿಲ್ಲ.

ಶುರುವಿನಲ್ಲಿ ಹೆಚ್ಚಿನ ಕಾರುಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕು. ಒಂದೂವರೆ ಕೋಟಿಯಷ್ಟು ಮಾರಾಟವಾದ ಫೋರ್ಡ್ ಮಾಡೆಲ್ ಟಿಯಲ್ಲಿ ಕಾಲಿನ ಪೆಡಲ್ ಒತ್ತಿದ್ರೆ ಗೇರ್ ಬಾಕ್ಸ್ ಹಿಡೀತಿತ್ತು, ಕೈ ಲಿವರ್ ಎಳೆದ್ರೆ ಹಿಂದಿನ ಪುಟ್ಟ ಡ್ರಮ್ಮುಗಳು ಹಿಡೀತಿದ್ವು. ನಾಲ್ಕೂ ಚಕ್ರಕ್ಕೆ ಬಂದಾಗಲೂ ಕಂಬಿ, ಕೇಬಲ್ಲಿನಲ್ಲೇ ಎಳೆತ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಗಾಡಿ ಪಕ್ಕಕ್ಕೆ ಎಳೆಯೋದು.

ಇದಕ್ಕೆ ಪರಿಹಾರ ದ್ರವ. ಮುಚ್ಚಿದ ಪೈಪಿನಲ್ಲಿರೋ ದ್ರವವನ್ನ ಒತ್ತಿದ್ರೆ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹೋಗುತ್ತೆ. ಹೈಸ್ಕೂಲಿನಲ್ಲಿ ಪಾಸ್ಕಲ್ ನಿಯಮ ಬಾಯಿಪಾಠ ಮಾಡಿದ್ವಲ್ಲ, ಅದೇ. ಮಾಲ್ಕಮ್ ಲಾಕ್‌ಹೀಡ್ ಇದನ್ನ ಬ್ರೇಕಿಗೆ ತಂದ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ರೇಸ್ ಕಾರು ಇಂಥ ಹೈಡ್ರಾಲಿಕ್ ಬ್ರೇಕಿನ ಜೊತೆ ಜಿಮ್ಮಿ ಮರ್ಫಿ ಕೈಯಲ್ಲಿ ಫ್ರೆಂಚ್ ಗ್ರ್ಯಾನ್ ಪ್ರೀ ಗೆದ್ದಿತು. 1924ರಲ್ಲಿ ಕ್ರೈಸ್ಲರ್ ಕಾರುಗಳಿಗೂ ಬಂತು.

1953ರಲ್ಲಿ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಲ ಮಾನ್ 24 ಗಂಟೆ ರೇಸು ಗೆದ್ದಿತು. ಅಲ್ಲಿಂದ ಡ್ರಮ್ಮಿಗೆ ಇಳಿಗಾಲ ಶುರು. ಆದರೂ ಹಿಂದಿನ ಚಕ್ರದಲ್ಲಿ ಉಳಿದುಕೊಂಡಿತು. ಯಾಕೆ ಅಂದ್ರೆ, ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತೆ. (ಬಸ್ಸಿನಲ್ಲಿ ನಿಂತಿರುವಾಗ ನೀವೇ ಮುಂದಕ್ಕೆ ಬೀಳೋದಿಲ್ವಾ?) ಹಾಗಾಗಿ ಮುಂದಿನ ಚಕ್ರಕ್ಕೆ ಹೆಚ್ಚು ಕೆಲಸ, ಅಲ್ಲಿಗೆ ಡಿಸ್ಕು. ಹಿಂದೆ ಕೆಲಸ ಕಮ್ಮಿ, ಡ್ರಮ್ ಸಾಕು. ಹ್ಯಾಂಡ್ ಬ್ರೇಕು ಕೂರಿಸೋದೂ ಸುಲಭ, ಖರ್ಚೂ ಕಮ್ಮಿ. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಂತೂ ಬಹುಕಾಲ ನಾಲ್ಕೂ ಕಡೆ ಡ್ರಮ್ಮಿನಲ್ಲೇ ಓಡಿದ್ವು. ನಮ್ಮ ಮಾವ ಕೆಲಸ ಕಲಿತಿದ್ದು ಆ ಗಾಡಿಗಳ ಮೇಲೆ. ಅಂದ್ರೆ ಒಂದು ಗಾಡಿಗೆ ನಾಲ್ಕು ಸಲ ಫುಸ್.

ಭಾಗ 6/10

ಇದನ್ನ ನಿಧಾನವಾಗಿ ಓದಿ.

ಇಂಗ್ಲೆಂಡಿನ ರಾಚ್‌ಡೇಲ್ ಊರು. ನೆಲ್ಲಿ ಕರ್ಶಾ ಅನ್ನೋ ಹೆಣ್ಣುಮಗಳು ಟರ್ನರ್ ಬ್ರದರ್ಸ್ ಅನ್ನೋ ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ನೂಲು ತೆಗೆಯೋ ಕೆಲಸ ಮಾಡ್ತಿದ್ದಳು. ಉಸಿರಾಟದ ಕಾಯಿಲೆ ಬಂತು, ಕೆಲಸ ಬಿಡಬೇಕಾಯ್ತು. ಪರಿಹಾರ ಕೇಳಿದಾಗ ಕಂಪನಿ ಕೊಡಲಿಲ್ಲ. ಒಬ್ಬಳಿಗೆ ಕೊಟ್ಟರೆ ಧೂಳಿನಿಂದ ಕಾಯಿಲೆ ಬರುತ್ತೆ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅನ್ನೋ ಭಯ ಅವರಿಗೆ. 1924ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಡಾಕ್ಟರ್ ವಿಲಿಯಂ ಕುಕ್ ಅವಳ ಶ್ವಾಸಕೋಶ ಪರೀಕ್ಷೆ ಮಾಡಿ, ಒಳಗೆ ಆ ಕಲ್ಲಿನ ನಾರು ಇರೋದನ್ನ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಈ ಕಾಯಿಲೆಗೆ ಆಮೇಲೆ ಬಂದ ಹೆಸರು ಆಸ್ಬೆಸ್ಟೋಸಿಸ್.

ಆ ಟರ್ನರ್ ಕಂಪನಿ ಸೇರಿದ್ದ ಟರ್ನರ್ ಅಂಡ್ ನ್ಯೂವಾಲ್ ಗುಂಪಿಗೆ 1920ರ ದಶಕದಲ್ಲೇ ಫೆರೋಡೊ ಕೂಡ ಸೇರಿಕೊಂಡಿತು. ನೂಲೋರೂ ಬ್ರೇಕ್ ಮಾಡೋರೂ ಒಂದೇ ಮನೆಯವರಾದರು.

1930ರಲ್ಲಿ ಬ್ರಿಟಿಷ್ ಸರ್ಕಾರದ ಇನ್ಸ್‌ಪೆಕ್ಟರುಗಳಾದ ಮೆರಿವೆದರ್ ಮತ್ತು ಪ್ರೈಸ್ ವರದಿ ಕೊಟ್ಟರು: ಧೂಳಿನಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಕಾಯಿಲೆ ಹೆಚ್ಚು. 1931ರಲ್ಲಿ ಕಾನೂನು ಬಂತು, ಕಾರ್ಖಾನೆಯ ಕೆಲಸಗಳಿಗೆ. ಊರೂರಿನ ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿ ಊದೋ ಮೆಕ್ಯಾನಿಕ್ ಆ ಲೆಕ್ಕದಲ್ಲೇ ಇರಲಿಲ್ಲ.

1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಜೊತೆಗಾರರು ಶ್ವಾಸಕೋಶದ ಪೊರೆಗೆ ಬರೋ ಅಪರೂಪದ ಕ್ಯಾನ್ಸರಿನ 33 ಪ್ರಕರಣಗಳನ್ನ ಪ್ರಕಟಿಸಿದರು. ಆಸ್ಬೆಸ್ಟಾಸ್ ಗಣಿ ಪ್ರದೇಶದ ಜೊತೆ ಅವುಗಳ ನಂಟು ಕಂಡಿತು. ಆ ಪಟ್ಟಿಯಲ್ಲಿ ಗಣಿಯಲ್ಲಿ ಕೆಲಸ ಮಾಡದೆ ಹತ್ತಿರ ಬದುಕಿದ್ದವರೂ ಇದ್ದರು. ಈ ಕಾಯಿಲೆಯ ಕೆಟ್ಟ ಗುಣ ಏನು ಗೊತ್ತಾ? ಉಸಿರೆಳೆದಿದ್ದಕ್ಕೂ ಕಾಯಿಲೆ ಕಾಣಿಸೋದಕ್ಕೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಅಂತರ ಇರಬಹುದು. ಇವತ್ತಿನ ಧೂಳಿಗೆ ನಾಳೆ ಕೆಮ್ಮು ಬರೋದಿಲ್ಲ. ಅದಕ್ಕೇ "ಏನಾಗಿದೆ ನನಗೆ, ಚೆನ್ನಾಗೇ ಇದೀನಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬ್ರೇಕಿನ ಶಾಖಕ್ಕೆ ಆಸ್ಬೆಸ್ಟಾಸಿನ ದೊಡ್ಡ ಪಾಲು ಬೇರೆ ಖನಿಜವಾಗಿ ಮಾರ್ಪಡುತ್ತೆ. ಹಾಗಾಗಿ ಮೆಕ್ಯಾನಿಕ್‌ಗಳಿಗೆ ಅಪಾಯ ಎಷ್ಟು ಅನ್ನೋದರ ಬಗ್ಗೆ ಕೋರ್ಟುಗಳಲ್ಲಿ, ಜರ್ನಲ್‌ಗಳಲ್ಲಿ ಜಗಳ ಇನ್ನೂ ನಿಂತಿಲ್ಲ. ಆದರೆ ಪೂರ್ತಿ ಮಾರ್ಪಡೋದಿಲ್ಲ. ಜೊತೆಗೆ ಹೊಸ ಲೈನಿಂಗನ್ನ ಉಜ್ಜಿ ಕೂರಿಸುವಾಗ ಬರೋ ಪುಡಿಗೆ ಆ ಶಾಖ ತಾಗಿರೋದೇ ಇಲ್ಲ.

ಭಾಗ 7/10

ಬಿಸಿನೆಸ್ ಲಾ ಓದಿದವರಿಗೆ ಈ ಭಾಗ.

1986ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಆಟೋ ಮೆಕ್ಯಾನಿಕ್‌ಗಳಿಗೆ ಅಂತಲೇ ಒಂದು ಕಿರುಪುಸ್ತಕ ತಂದಿತು: ಗಾಳಿ ಹೊಡೆದು ಧೂಳು ಎಬ್ಬಿಸಬೇಡಿ. 1989ರಲ್ಲಿ ಬ್ರೇಕ್ ಸೇರಿ ಬಹುತೇಕ ಆಸ್ಬೆಸ್ಟಾಸ್ ಸಾಮಾನು ನಿಲ್ಲಿಸೋ ಆದೇಶ ಮಾಡಿತು. 1991ರಲ್ಲಿ ಅಲ್ಲಿನ ಕೋರ್ಟು ಆ ಆದೇಶದ ಹೆಚ್ಚಿನ ಭಾಗವನ್ನ ಹೊಡೆದುಹಾಕಿತು. ಬಿಳಿ ಆಸ್ಬೆಸ್ಟಾಸ್ ನಿಷೇಧ ಮತ್ತೆ ಬಂದಿದ್ದು 2024ರಲ್ಲಿ. ಮಧ್ಯೆ 33 ವರ್ಷ. ಬ್ರಿಟನ್ 1999ರಲ್ಲೇ ನಿಷೇಧಿಸಿತ್ತು.

ನಮ್ಮಲ್ಲಿ? 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಕೇಸು ಹಾಕಿದ್ದು ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್, ವಿಷಯ ಆಸ್ಬೆಸ್ಟಾಸ್ ಕಾರ್ಮಿಕರು. ಕೆಲಸಗಾರನ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು. ಕೆಲಸಗಾರರ ಆರೋಗ್ಯದ ದಾಖಲೆಯನ್ನ ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯಾಗಿ 15 ವರ್ಷ, ಯಾವುದು ಹೆಚ್ಚೋ ಅಲ್ಲಿವರೆಗೆ ಇಡಬೇಕು ಅಂತ ಆದೇಶ ಮಾಡಿತು. ಕಾಯಿಲೆ ತಡವಾಗಿ ಬರುತ್ತೆ ಅಂತ ಅರ್ಥ ಮಾಡಿಕೊಂಡು ಬರೆದ ಆದೇಶ ಅದು.

ಓದಿ ಖುಷಿಯಾಯ್ತು. ಆಮೇಲೆ ಗ್ಯಾರೇಜಿನ ಹಾಜರಿ ಪುಸ್ತಕ ತೆಗೆದು ನೋಡಿದೆ. ಹುಡುಗನ ಹೆಸರು, ದಿನ, ಕೂಲಿ. ಅಷ್ಟೇ. ನಲವತ್ತು ವರ್ಷ ಬಿಡಿ, ಅವನು ಮುಂದಿನ ವರ್ಷ ಯಾವ ಗ್ಯಾರೇಜಿನಲ್ಲಿ ಇರ್ತಾನೆ ಅಂತಲೇ ನಮಗೆ ಗೊತ್ತಿರೋದಿಲ್ಲ. ಮಾವನಿಗೆ ಕೆಲಸ ಕಲಿಸಿದ ಉಸ್ತಾದ್ ಕೊನೆಯ ಎರಡು ವರ್ಷ ಹತ್ತು ಹೆಜ್ಜೆ ನಡೆಯೋಕೂ ಏದುಸಿರು ಬಿಡ್ತಿದ್ರಂತೆ. ಬೀಡಿಯಿಂದಲೋ, ಧೂಳಿನಿಂದಲೋ, ವಯಸ್ಸಿನಿಂದಲೋ? ಯಾರೂ ನೋಡಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಹಾಗಾಗಿ ನಾನೂ ಇದರಿಂದಲೇ ಅಂತ ಹೇಳೋಕಾಗಲ್ಲ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಸವಕಳಿಗೆ ಒಂದು ಕಾಲಂ ಇದೆ. ಲೈನಿಂಗ್ ಸವೆದಿದ್ದು ಬಿಲ್ಲಿಗೆ ಬರುತ್ತೆ, ಡ್ರಮ್ ಲೇತ್‌ಗೆ ಹಾಕಿಸಿದ್ದೂ ಬರುತ್ತೆ. ಉಸ್ತಾದರ ಉಸಿರು ಮಾತ್ರ ಯಾವ ಕಾಲಂನಲ್ಲೂ ಇರಲಿಲ್ಲ.

ಭಾಗ 8/10

ಈಗ ಡ್ರಮ್ ಬಿಚ್ಚೋಣ. ಮಾವನ ಹತ್ರ ಕೂತು ಕಲಿತಿದ್ದು. ಬ್ರೇಕು ಪ್ರಾಣದ ವಿಷಯ, ಗೊತ್ತಿರೋರು ಪಕ್ಕದಲ್ಲಿ ಇಲ್ಲದೆ ನೀವೊಬ್ಬರೇ ಕೈ ಹಾಕಬೇಡಿ.

1. ಸಮತಟ್ಟಾದ ನೆಲ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಡಿ. ಗಾಡಿ ಗೇರಿನಲ್ಲಿರಲಿ. ಹ್ಯಾಂಡ್ ಬ್ರೇಕು ಬಿಡಬೇಕು, ಇಲ್ಲದಿದ್ರೆ ಶೂಗಳು ಡ್ರಮ್ಮನ್ನ ಬಿಗಿಯಾಗಿ ಹಿಡಿದಿರುತ್ತವೆ.

2. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನ ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಲಸ ಮಾಡಿದ್ರೆ ಮಾವ ಬೈತಾರೆ, ಸರಿಯಾಗೇ ಬೈತಾರೆ.

3. ಚಕ್ರ ತೆಗೀರಿ. ಕೆಲವು ಗಾಡಿಯಲ್ಲಿ ಡ್ರಮ್ಮಿಗೆ ಒಂದೆರಡು ಸ್ಕ್ರೂ ಮಾತ್ರ. ಕೆಲವಕ್ಕೆ ಮಧ್ಯದ ದೊಡ್ಡ ನಟ್ಟು ಬಿಚ್ಚಬೇಕು. ನಿಮ್ಮ ಗಾಡಿಯದು ಯಾವುದು ಅಂತ ಮೊದಲೇ ತಿಳಕೊಳ್ಳಿ.

4. ಬರದಿದ್ರೆ ಸಿಟ್ಟಿನಲ್ಲಿ ಸುತ್ತಿಗೆ ಬೀಸಬೇಡಿ, ಡ್ರಮ್ ಬೀಡು ಕಬ್ಬಿಣ, ಒಡೆಯುತ್ತೆ. ಕೆಲವು ಡ್ರಮ್ಮಿನ ಮುಖದ ಮೇಲೆ ಥ್ರೆಡ್ ಇರೋ ಎರಡು ತೂತು ಇರುತ್ತೆ. ಅದಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ತಿರುಗಿಸಿದ್ರೆ ಡ್ರಮ್ ತಾನಾಗೇ ಹೊರಗೆ ಬರುತ್ತೆ. ಹಳೇ ಡ್ರಮ್ ಆದ್ರೆ ಒಳಗೆ ಅಂಚು ಬೆಳೆದು ಶೂಗೆ ಸಿಕ್ಕಿಕೊಂಡಿರಬಹುದು. ಆಗ ಅಡ್ಜಸ್ಟರ್ ಸಡಿಲಿಸಬೇಕು.

5. ಡ್ರಮ್ ಹೊರಗೆ ಬಂದ ಕ್ಷಣ ನಿಲ್ಲಿ. ಇದೇ ಆ ಕ್ಷಣ. ಏರ್ ಪೈಪ್ ಕೈಗೆ ತಗೋಬೇಡಿ. ಒಣ ಬ್ರಷ್ಷೂ ಬೇಡ. ಸ್ಪ್ರೇ ಬಾಟಲಿಯಲ್ಲಿ ನೀರು, ನಾಲ್ಕು ಹನಿ ಪಾತ್ರೆ ತೊಳೆಯೋ ಸೋಪು. ಕೆಳಗೆ ಒಂದು ಹಳೇ ತಟ್ಟೆ. ಮೆಲ್ಲಗೆ ಹನಿಸಿ, ಧೂಳು ಒದ್ದೆಯಾಗಿ ಇಳಿಯಲಿ. ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನ ಒಣಗೋಕೆ ಮುಂಚೆ ಕವರಿನಲ್ಲಿ ಗಂಟು ಹಾಕಿ. ಮುಖಕ್ಕೆ ಕರ್ಚೀಫ್ ಕಟ್ಟಿದ್ರೆ ಸಾಕು ಅನ್ಕೋಬೇಡಿ, ಸಣ್ಣ ಧೂಳಿಗೆ ಆ ನೂಲಿನ ಸಂದಿ ಹೆಬ್ಬಾಗಿಲು ಇದ್ದ ಹಾಗೆ.

ಭಾಗ 9/10

ಒಳಗೆ ಏನಿದೆ ಅಂತ ನೋಡೋಣ. ಮೊದಲು ಮೊಬೈಲಿನಲ್ಲಿ ಫೋಟೊ ತೆಗೀರಿ. ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಆಮೇಲೆ ನೆನಪಿರೋದಿಲ್ಲ. ಮಾವನ ಇನ್ನೊಂದು ಉಪಾಯ: ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚೋದು. ಗೊಂದಲ ಆದ್ರೆ ಇನ್ನೊಂದು ಕಡೆ ಹೋಗಿ ನೋಡಬಹುದು. ಎಡ ಬಲ ಕನ್ನಡಿಯಂತೆ ಉಲ್ಟಾ ಇರುತ್ತೆ ಅನ್ನೋದು ಮಾತ್ರ ಮರೀಬೇಡಿ.

ಮೇಲ್ಗಡೆ ಪುಟ್ಟ ವೀಲ್ ಸಿಲಿಂಡರ್. ಪೆಡಲ್ ಒತ್ತಿದಾಗ ಶೂಗಳನ್ನ ಅಗಲಿಸೋದು ಇದೇ. ಅದರ ರಬ್ಬರ್ ಕ್ಯಾಪು ಮೆಲ್ಲಗೆ ಎತ್ತಿ ನೋಡಿ. ಒಳಗೆ ಬ್ರೇಕ್ ಆಯಿಲ್ ಜಿನುಗಿದ್ರೆ ಸಿಲಿಂಡರ್ ರಿಪೇರಿಗೆ ಬಂದಿದೆ. ಲೈನಿಂಗ್ ಆಯಿಲ್ ಕುಡಿದಿದ್ರೆ ತೊಳೆದು ಹಾಕೋದು ಬೇಡ, ಬದಲಾಯಿಸಿ. ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ತುಳೀಬಾರದು, ತುಳಿದ್ರೆ ಸಿಲಿಂಡರಿನ ಪಿಸ್ಟನ್ ಈಚೆ ಬಂದುಬಿಡುತ್ತೆ.

ಲೈನಿಂಗ್ ದಪ್ಪ ಅಳೀರಿ. ಸಾಮಾನ್ಯವಾಗಿ 1 ರಿಂದ 1.5 ಮಿಲಿಮೀಟರಿಗೆ ಬಂದ್ರೆ ಬದಲಾವಣೆಯ ಹೊತ್ತು. ಆದರೆ ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತೋ ಅದೇ ಕೊನೇ ಮಾತು. ಬದಲಾಯಿಸೋದಾದ್ರೆ ಎರಡೂ ಚಕ್ರದ್ದು ಒಟ್ಟಿಗೆ. ಒಂದೇ ಕಡೆ ಹೊಸದಾದ್ರೆ ಗಾಡಿ ಎಳೆಯುತ್ತೆ. ಡ್ರಮ್ಮಿನ ಮೇಲೆ ಎಷ್ಟು ಅಗಲದವರೆಗೆ ಸವೆಯಬಹುದು ಅನ್ನೋ ಅಳತೆಯನ್ನ ಸಾಮಾನ್ಯವಾಗಿ ಅಚ್ಚು ಹಾಕಿರ್ತಾರೆ. ಅದನ್ನ ಮೀರಿದ್ರೆ ಲೇತ್‌ಗೆ ಹಾಕಿಸಿ ಪ್ರಯೋಜನ ಇಲ್ಲ.

ಸ್ಪ್ರಿಂಗ್ ತೆಗೆಯುವಾಗ ಕಣ್ಣು ಜೋಪಾನ, ಹಾರುತ್ತವೆ. ಶೂ ಅಂಚು ಬ್ಯಾಕ್ ಪ್ಲೇಟಿಗೆ ತಾಗೋ ಜಾಗಗಳಲ್ಲಿ ಬ್ರೇಕಿಗೆ ಅಂತಲೇ ಬರೋ ಗ್ರೀಸ್ ಒಂದು ಚುಕ್ಕೆ ಸಾಕು. ಲೈನಿಂಗ್‌ಗೆ ತಾಗಬಾರದು. ಅಡ್ಜಸ್ಟರ್ ಥ್ರೆಡ್ ತುಕ್ಕು ಹಿಡಿದಿದ್ರೆ ಸ್ವಚ್ಛ ಮಾಡಿ, ಇಲ್ಲದಿದ್ರೆ ಲೈನಿಂಗ್ ಸವೆದ ಹಾಗೆ ಪೆಡಲ್ ಕೆಳಕ್ಕೆ ಹೋಗ್ತಾ ಇರುತ್ತೆ. ಎಲ್ಲ ಒಣಗಿದ ಮೇಲೆ ಜೋಡಿಸಿ. ಚಕ್ರ ಕೈಯಲ್ಲಿ ತಿರುಗಿಸಿದ್ರೆ ಶೂ ಹಗುರವಾಗಿ ಸವರಿದ ಸದ್ದು ಬರಬೇಕು, ಹಿಡೀಬಾರದು. ಗಾಡಿ ಹೊರಡೋ ಮುಂಚೆ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿಯಾಯ್ತಾ ನೋಡಿ, ಹ್ಯಾಂಡ್ ಬ್ರೇಕು ಪರೀಕ್ಷಿಸಿ, ಮೊದಲು ಅಂಗಳದಲ್ಲೇ ನಿಧಾನವಾಗಿ ಓಡಿಸಿ.

ಹೊಸ ಶೂ ಕೊಳ್ಳುವಾಗ ಒಂದು ಮಾತು. ಒಳ್ಳೇ ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ಇಲ್ಲ ಅಂತ ಬರೆದಿರ್ತಾರೆ. ಏನೂ ಬರೆಯದ, ಬಿಲ್ ಕೊಡದ ಖುಲ್ಲಾ ಸಾಮಾನಿನಲ್ಲಿ ಏನಿದೆ ಅಂತ ಕಣ್ಣಿನಲ್ಲಿ ನೋಡಿ ಹೇಳೋಕೆ ಯಾರಿಗೂ ಆಗೋದಿಲ್ಲ. ಹಾಗಾಗಿ ನಿಯಮ ಒಂದೇ: ಪ್ರತಿ ಡ್ರಮ್ಮಿನಲ್ಲೂ ಕೆಟ್ಟ ಧೂಳೇ ಇದೆ ಅಂದುಕೊಂಡು ಕೆಲಸ ಮಾಡೋದು. ಆಸ್ಬೆಸ್ಟಾಸ್ ಇಲ್ಲದಿದ್ರೂ ಲೋಹದ ಪುಡಿ ಉಸಿರಾಡೋಕೆ ಇರೋ ವಸ್ತು ಅಲ್ಲವಲ್ಲ.

ಭಾಗ 10/10

ಡ್ರಮ್ಮಿನ ಕಥೆ ಮುಗೀತು ಅಂದ್ಕೊಂಡಿದ್ರಾ? ಇಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯ ಐಡಿ.4 ಎಲೆಕ್ಟ್ರಿಕ್ ಕಾರಿನ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕು! ಎಲೆಕ್ಟ್ರಿಕ್ ಕಾರು ನಿಧಾನ ಮಾಡುವಾಗ ಮೋಟಾರೇ ಹಿಡಿದು ಬ್ಯಾಟರಿಗೆ ಚಾರ್ಜ್ ಕಳಿಸುತ್ತೆ, ಬ್ರೇಕಿಗೆ ಕೆಲಸ ಕಮ್ಮಿ. ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತೆ, ಮುಚ್ಚಿದ ಡ್ರಮ್ ಹಾಗೆ ಹಿಡಿಯಲ್ಲ. ಜೊತೆಗೆ ಯುರೋಪಿನ ಯೂರೋ 7 ನಿಯಮ ಮೊದಲ ಸಲ ಬ್ರೇಕ್ ಧೂಳಿಗೂ ಮಿತಿ ಹಾಕಿದೆ: ಹೆಚ್ಚಿನ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ತಿ ಎಲೆಕ್ಟ್ರಿಕ್‌ಗೆ 3. ಧೂಳನ್ನ ಒಳಗೇ ಇಟ್ಟುಕೊಳ್ಳೋ ಡ್ರಮ್ಮಿಗೆ ಇದು ಒಳ್ಳೇ ಕಾಲ.

ರಸ್ತೆಯಲ್ಲಿ ನಡೆಯೋರಿಗೆ ಇದು ನಿಜಕ್ಕೂ ಒಳ್ಳೇದು. ಆದರೆ ಮೂರನೇ ಭಾಗದಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಡ್ರಮ್ ಧೂಳನ್ನ ಇಲ್ಲವಾಗಿಸೋದಿಲ್ಲ. ಕೂಡಿಡುತ್ತೆ. ಊರಿಗೆಲ್ಲ ಹಂಚಿಹೋಗಬೇಕಾಗಿದ್ದನ್ನ ಜೋಪಾನವಾಗಿ ಇಟ್ಟುಕೊಂಡು, ಒಂದು ದಿನ ಮುಚ್ಚಳ ತೆಗೆದ ಒಬ್ಬನ ಮುಖಕ್ಕೆ ಕೊಡುತ್ತೆ. ನೂರಿಪ್ಪತ್ತು ವರ್ಷದಿಂದ ಬ್ರೇಕು ಎಷ್ಟೋ ಬದಲಾಗಿದೆ. ಆ ಒಬ್ಬ ಮಾತ್ರ ಬದಲಾಗಿಲ್ಲ.

ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಸುಮ್ಮನೆ ಕೇಳಿದ್ರು. "ಪುಟ್ಟಿ, ಗಾಳಿ ಹೊಡೆದ್ರೆ ಹತ್ತು ಸೆಕೆಂಡು. ನಿನ್ನ ಸೋಪು ನೀರಿಗೆ ಹತ್ತು ನಿಮಿಷ. ದಿನಕ್ಕೆ ಮೂರು ಗಾಡಿ ಬಂದ್ರೆ ಯಾರು ಕೊಡ್ತಾರೆ ಆ ಟೈಮಿನ ದುಡ್ಡು?" ಅಂದ್ರು. ನ್ಯಾಯವಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ. ಲೆಡ್ಜರ್ ಮಾತ್ರ ಇತ್ತು. ರೇಟ್ ಪಟ್ಟಿಯಲ್ಲಿ "ಹಿಂದಿನ ಬ್ರೇಕ್ ಸರ್ವಿಸ್" ಅನ್ನೋ ಸಾಲಿಗೆ ಐವತ್ತು ರೂಪಾಯಿ ಸೇರಿಸಿ ಬರೆದು ತೋರಿಸಿದೆ. ಮಾವ ಪೆನ್ನು ಕಿತ್ತುಕೊಂಡು ಮೂವತ್ತು ಮಾಡಿದ್ರು. ಸಂಜೆ ಹುಡುಗನಿಗೆ ಅಂಗಡಿಯಿಂದ ಎರಡು ಸ್ಪ್ರೇ ಬಾಟಲಿ ತರೋಕೆ ಕಳಿಸಿದ್ರು.

ಪೂರ್ತಿ ಬದಲಾಯ್ತು ಅಂತ ಸುಳ್ಳು ಹೇಳಲ್ಲ. ನಿನ್ನೆ ಅರ್ಜೆಂಟಿನಲ್ಲಿ ಮತ್ತೆ ಒಂದು ಸಲ ಫುಸ್ ಕೇಳಿಸಿತು. ನಾನು ಟೇಬಲ್ಲಿನಿಂದ ತಲೆ ಎತ್ತಿ ನೋಡಿದೆ. ಹುಡುಗ ಪೈಪ್ ಕೆಳಗಿಟ್ಟು ಬಾಟಲಿ ತಗೊಂಡ.

ನಿಮಗೆ ಒಂದೇ ಕೆಲಸ. ಮುಂದಿನ ಸಲ ನಿಮ್ಮ ಮನೆ ಕಾರು ಸರ್ವಿಸ್‌ಗೆ ಹೋದಾಗ, "ಅಣ್ಣ, ಬ್ರೇಕಿಗೆ ಗಾಳಿ ಹೊಡೀಬೇಡಿ, ಒದ್ದೆ ಮಾಡಿ ಒರೆಸಿ, ಹೆಚ್ಚಿನ ಟೈಮಿಗೆ ದುಡ್ಡು ಕೊಡ್ತೀವಿ" ಅಂತ ಹೇಳಿ. ಮೂವತ್ತು ರೂಪಾಯಿ. ನಮ್ಮ ಕ್ಯಾಂಟೀನಿನಲ್ಲಿ ಎರಡು ಟೀ.

ನಿಮ್ಮ ಅಣ್ಣನೋ, ಚಿಕ್ಕಪ್ಪನೋ, ಫ್ರೆಂಡೋ ಗ್ಯಾರೇಜಿನಲ್ಲಿ ಕೆಲಸ ಮಾಡ್ತಿದ್ರೆ 8ನೇ ಭಾಗ ಅವರಿಗೆ ಕಳಿಸಿ. ಉಸ್ತಾದರ ಕಾಲದ ಮೆಕ್ಯಾನಿಕ್‌ಗಳು ನಿಮ್ಮೂರಲ್ಲಿ ಇದ್ರೆ ಅವರ ಅನುಭವ ಕೇಳಿ ಕೆಳಗೆ ಬರೀರಿ. ಅಷ್ಟಾದ್ರೂ ಒಂದು ಕಡೆ ದಾಖಲೆ ಆಗಲಿ.

#ಡ್ರಮ್ಮಿನೊಳಗಿನಧೂಳು #ಬ್ರೇಕಿನಕಥೆ #ಗ್ಯಾರೇಜ್ #ತುಮಕೂರು #ಕನ್ನಡದಲ್ಲಿಹಿಸ್ಟರಿ